ಬೋರಲು ಬಿದ್ದ ಬನ್ನಿ ಎಲೆ

ನಮ್ಮ ಡ್ರಾಯಿಂಗ್ ಸರ್ ಯಾವ ಚಿತ್ರವನ್ನೂ ನಡುವಿನಿಂದ ನೋಡಿದವರಲ್ಲ. ಚಷ್ಮಾ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ, ಕೆಳಗಿನ ಮೂಲೆಯಿಂದ ಶುರು ಮಾಡುತ್ತಿದ್ದರು. “ನಡುವಿನ ಹೂ ಎಲ್ಲಾರ ಕಣ್ಣಿಗೂ ಬೀಳತೈತಿ. ಬರದಾಂವ ತನ್ನ ಸಂಕಟಾನ ಮೂಲ್ಯಾಗ ಇಟ್ಟಿರ್ತಾನ. ಅದನ್ನ ಹುಡುಕ್ರಿ,” ಎನ್ನುತ್ತಿದ್ದರು.

ಬೆಟಗೇರಿಯ ಅವರ ಮನೆಯ ಪಡಸಾಲೆಯಲ್ಲಿ ರವಿವಾರ ಕ್ಲಾಸು. ನಾನು ಕಳಸಾಪುರದಿಂದ ಬಸ್ಸಿಗೆ ಹೋಗುತ್ತಿದ್ದೆ. ಗೋಡೆಗೆ ಹಳೇ ಕ್ಯಾಲೆಂಡರಿನ ಹೂದಾನಿಯ ಚಿತ್ರವೊಂದನ್ನು ಅಂಟಿಸಿದ್ದರು. ಹೂವಿನ ಮೇಲೊಂದು ನೊಣ.

“ಈ ನೊಣ ಯಾಕ ಕುಂತೈತಿ?”

“ಬಣ್ಣ ಹಸಿ ಇದ್ದಾಗ ಅಂಟಿರಬೇಕ್ರಿ ಸರ್.”

ಬಿದ್ದು ಬಿದ್ದು ನಕ್ಕರು. “ಹುಚ್ಚಿ, ಅದೂ ಬರದದ್ದವಾ. ಇಷ್ಟ ಚಂದ ಹೂನೂ ನಾಳಿಗೆ ಕೊಳೀತೈತಿ ಅಂತ ಹೇಳಾಕ ಕುಂದರ್ಸ್ಯಾನ.” ನನಗೆ ಕಣ್ಣು ಕೊಟ್ಟವರು ಅವರೇ. ಇವತ್ತಿಗೂ ಅದನ್ನು ಇಲ್ಲವೆನ್ನಲಾರೆ.

ಅವ್ವ ತೀರಿಕೊಂಡ ವರ್ಷ ನಾನೊಂದು ಚಿತ್ರ ಬರೆದೆ. ತಾಮ್ರದ ತಂಬಿಗೆ, ಅದರಲ್ಲಿ ಒಣಗಿದ ಬನ್ನಿ ಟೊಂಗೆ, ಮೂಲೆಯಲ್ಲಿ ಬೋರಲು ಬಿದ್ದ ಒಂದೇ ಎಲೆ. ಸರ್ ನೇರವಾಗಿ ಆ ಎಲೆಗೇ ಬೆರಳಿಟ್ಟರು. ಅತ್ತುಕೊಂಡೇ ಎಲ್ಲ ಹೇಳಿದೆ. ಹಮ್ಮಿಗಿಯ ಸೋದರಮಾವ ಅವ್ವನ ಜೋಡಿ ಮಾತು ಬಿಟ್ಟು ಬಹಳ ವರ್ಷವಾಗಿತ್ತು. ದಸರೆಯಲ್ಲಿ ಬನ್ನಿ ಕೊಟ್ಟರೆ ಜಗಳ ಮುಗಿಯುತ್ತದೆಂದು ಅವ್ವ ಅಣ್ಣನಿಗಾಗಿ ಆ ಟೊಂಗೆ ಎತ್ತಿಟ್ಟು ಕಾದಳು. ಆತ ಬರಲಿಲ್ಲ. ಕಡೆಗೆ ಒಂದೆಲೆ ಕಿತ್ತು ಬೋರಲಿಟ್ಟು, “ಇನ್ನ ಅಂವ ಬರೂದಿಲ್ಲ ಬಿಡು,” ಎಂದಳು. ತಿಂಗಳೊಳಗೆ ಹೋಗಿಬಿಟ್ಟಳು.

ಸರ್ ಕಣ್ಣೊರೆಸಿಕೊಂಡರು. “ಚಿತ್ರ ನನ್ನ ಹಂತ್ಯಾಕ ಇರ್ಲಿ, ಛಲೋ ಫ್ರೇಮ್ ಹಾಕಸ್ತೀನಿ.”

ಮರುವರ್ಷ ಗದಗಿನಲ್ಲಿ ಅವರ ಚಿತ್ರಪ್ರದರ್ಶನ. ಒಳಗೆ ಕಾಲಿಟ್ಟರೆ ಎದುರಿಗೇ ನನ್ನ ತಂಬಿಗೆ, ಕೆಳಗೆ ಅವರ ಸಹಿ. ಸುತ್ತ ನಿಂತ ಜನರಿಗೆ ಸರ್ ಹೇಳುತ್ತಿದ್ದರು: “ನಮ್ಮವ್ವ ಅವರಣ್ಣಗಂತ ಇಟ್ಟ ಬನ್ನಿರಿ ಇದು...” ಅವತ್ತು ನನ್ನ ದನಿ ಒಡೆದ ಜಾಗದಲ್ಲೇ ಅವರ ದನಿಯೂ ಒಡೆಯಿತು. ನಾನು ಜನರನ್ನು ಸರಿಸಿ ಮುಂದೆ ಹೋದೆ.

“ಈ ಒಂದ ಎಲಿ ಯಾಕ್ರಿ ಬೋರಲ ಐತಿ?” ಮುದುಕಿಯೊಬ್ಬಳು ಕೇಳಿದಳು. ಸರ್ ತಲೆಯೆತ್ತಿದಾಗ ಎದುರಿಗೆ ನಾನು. ಒಂದು ಗಳಿಗೆ ಮುಖ ಬಿಳಿಚಿತು, ಅಷ್ಟೇ. “ನಮ್ಮ ಶಿಷ್ಯಾಳ ಬಂದಾಳ, ಇಕಿನ್ನ ಕೇಳ್ರಿ. ಚಿತ್ರ ನೋಡೂದು ನಾನಾ ಕಲಿಸೀನಿ.”

ಎಲ್ಲರೂ ನನ್ನತ್ತ ತಿರುಗಿದರು. ಕೂಗಿ ಹೇಳಬೇಕೆಂದೇ ಬಾಯಿ ತೆರೆದೆ. ಹೊರಬಂದ ಮಾತೇ ಬೇರೆ: “ಸರ್ ಅವರ ಅವ್ವ... ಕಾಯ್ದ ಕಾಯ್ದ ಸಾಕಾಗಿ, ತಾವ ಕಿತ್ತು ಬೋರಲ ಇಟ್ಟಾರ್ರೀ.”

ಮುದುಕಿ ಸರ್‌ಗೆ ಕೈಮುಗಿದಳು. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, “ನೋಡ್ರಿ, ಹೆಂಗ ಹೇಳ್ತಾಳ!” ಎಂದರು.

ಆಮೇಲೆ ನಾನು ಬೆಟಗೇರಿಗೆ ಹೋಗಲಿಲ್ಲ, ಅವರೂ ಕರೆಯಲಿಲ್ಲ. ಚಿತ್ರವನ್ನು ಅವರು ಕದ್ದರು. ಅವ್ವನನ್ನು ಮಾತ್ರ ನಾನೇ, ನನ್ನ ಬಾಯಿಂದಲೇ, ಅವರಿಗೆ ಕೊಟ್ಟುಬಂದೆ.