ಗಂಗುಲಪ್ಪನ ಅತ್ತೆಯ ಹರಕೆ ಕೋಳಿ

ಬೈರಕೂರಿನ ಪಕ್ಕದ ಹಳ್ಳಿಯ ಗಂಗುಲಪ್ಪನಿಗೆ ಎರಡು ಜೀವಗಳನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ಕೋಳಿ, ಇನ್ನೊಂದು ಅತ್ತೆ ಅಶ್ವತ್ಥಮ್ಮ. ಹಾಗಂತ ಅವನೇನು ಕೆಟ್ಟವನಲ್ಲ. ರೇಷ್ಮೆ ಹುಳು ಸಾಕುವವನು. ಹುಳುಮನೆಯ ಬಾಗಿಲು ಚೂರು ಓರೆಯಾದರೆ ಸಾಕು, ಕೋಳಿ ನುಗ್ಗಿ ಹುಳುಗಳನ್ನು ಹೆಕ್ಕಿ ಹೆಕ್ಕಿ ತಿಂದುಬಿಡುತ್ತದೆ. ಅತ್ತೆಯೋ ಹೊಗೆಸೊಪ್ಪು ಹಾಕುವವಳು. ಹೊಗೆಸೊಪ್ಪಿನ ಗಾಳಿ ಸೋಕಿದರೂ ಹುಳು ಸೊರಗುತ್ತದೆ. ಎರಡನ್ನೂ ದೂರ ಇಟ್ಟು ಇಷ್ಟು ವರ್ಷ ನೆಮ್ಮದಿಯಾಗಿದ್ದವನ ಮನೆಗೆ ಎರಡೂ ಒಂದೇ ಬಸ್ಸಿನಲ್ಲಿ ಬಂದು ಇಳಿದದ್ದು ಅವನ ಕಾಲಿನ ದೆಸೆಯಿಂದ.

ಗಂಗುಲಪ್ಪ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಾಗ, ಶ್ರೀನಿವಾಸಪುರದ ಕಡೆಯ ತನ್ನೂರಿನಲ್ಲಿ ಕೂತೇ ಅಶ್ವತ್ಥಮ್ಮ ಗಂಗಮ್ಮನಿಗೆ ಹರಕೆ ಹೊತ್ತಳು. ಅಳಿಯ ಎದ್ದು ಓಡಾಡಿದರೆ ಅವನ ಮನೆಯಲ್ಲೇ ಇದ್ದು, ಮರಿಯಿಂದ ತನ್ನ ಕೈಯಾರೆ ಸಾಕಿದ ಹುಂಜವನ್ನು ಒಪ್ಪಿಸುತ್ತೇನೆ ಅಂತ. ಕಾಲು ಕೂಡಿತು. ಬ್ಯಾಂಡೇಜು ಬಿಚ್ಚಿದ ವಾರದಲ್ಲೇ ಆಕೆ ಒಂದು ಕೈಯಲ್ಲಿ ಬಟ್ಟೆ ಬ್ಯಾಗು, ಇನ್ನೊಂದು ಕೈಯಲ್ಲಿ ಕುಕ್ಕೆ ಹಿಡಿದು ಹಾಜರಾದಳು. ಕುಕ್ಕೆಯಲ್ಲಿ ಒಂದು ಚುಕ್ಕೆ ಮರಿ. ಕಾಲು ಹಿಡಿದು ತಲೆಕೆಳಗೆ ಮಾಡಿ ನೋಡಿಯೇ ಆರಿಸಿದ್ದೇನೆ, ಇದು ಹುಂಜವೇ, ತನ್ನ ಕಣ್ಣು ಇವತ್ತಿನವರೆಗೂ ತಪ್ಪಿಲ್ಲ ಅಂದಳು.

ಬೇಡ ಅನ್ನುವುದಕ್ಕೆ ಬಾಯಿ ಎಲ್ಲಿದೆ? ಹರಕೆ ಅವನ ಕಾಲಿಗೇ ಹೊತ್ತದ್ದು. ಹೆಂಡತಿ ಸುನಂದಳಂತೂ ಅಮ್ಮ ಬಂದಳೆಂದು ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆ ಬಂದ ದಿನವೇ ಬೇವಿನ ಮರದ ಕೆಳಗಿನ ಅವನ ಮಂಚ ಆಕೆಯದಾಯಿತು. ಸಾರಿಗೆ ಉಪ್ಪೆಷ್ಟು, ಸೊಪ್ಪಿಗೆ ನೀರೆಷ್ಟು, ಅಳಿಯ ಗಡ್ಡ ಯಾವಾಗ ಹೆರೆಯಬೇಕು, ಎಲ್ಲವನ್ನೂ ಆಕೆ ಮಂಚದ ಮೇಲಿಂದಲೇ ತೀರ್ಮಾನಿಸತೊಡಗಿದಳು. ಗಂಗುಲಪ್ಪ ಹಲ್ಲು ಕಚ್ಚಿಕೊಂಡು ಯುಗಾದಿಗೆ ಕಾಯುತ್ತಿದ್ದ. ಅಷ್ಟರಲ್ಲಿ ಹುಂಜ ಬಲಿಯುತ್ತದೆ, ಗಂಗಮ್ಮನ ಪಾಲಾಗುತ್ತದೆ, ಅತ್ತೆ ಬಸ್ಸು ಹತ್ತುತ್ತಾಳೆ. ಮರಿಗೆ ಹೆಚ್ಚುಕಮ್ಮಿಯಾದರೆ ಮಾತ್ರ ಲೆಕ್ಕ ಮತ್ತೆ ಮೊದಲಿನಿಂದ. ಹಾಗಾಗಿ ಕೋಳಿ ಕಂಡರೆ ಕಲ್ಲೆತ್ತುತ್ತಿದ್ದವನು ಈಗ ಹದ್ದು ಬಂತಾ, ಬೆಕ್ಕು ಬಂತಾ ಅಂತ ಕಣ್ಣಲ್ಲಿ ಕಣ್ಣಿಟ್ಟು ಆ ಮರಿಯನ್ನು ಕಾಯುತ್ತಿದ್ದ.

ಆದರೂ ಒಂದು ಬೆಳಿಗ್ಗೆ ಮರಿ ಪುಕ್ಕ ಕೆದರಿಕೊಂಡು ಮೂಲೆ ಸೇರಿತ್ತು. ಕತ್ತು ಉದ್ದ ಮಾಡುತ್ತದೆ, ಕೊಕ್ಕು ತೆರೆಯುತ್ತದೆ, ಏನೂ ನುಂಗುವುದಿಲ್ಲ. ಕತ್ತಿನ ಕೆಳಗೆ, ತಿಂದ ಕಾಳು ಮೊದಲು ಹೋಗಿ ಸೇರುವ ಚೀಲ ಇರುತ್ತದಲ್ಲ, ಅದು ನೆಲ್ಲಿಕಾಯಿಯ ಹಾಗೆ ಗಟ್ಟಿಯಾಗಿ ಊದಿಕೊಂಡಿತ್ತು. ಯಾರದೋ ಕಣ್ಣು ಬಿದ್ದಿದೆ ಅಂತ ಅಶ್ವತ್ಥಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಯಾರದೋ ಅನ್ನುವಾಗ ಆಕೆ ನೋಡಿದ್ದು ಅಳಿಯನನ್ನೇ.

ಗಂಗುಲಪ್ಪ ಆ ಗಡ್ಡೆ ಮುಟ್ಟಿ ನೋಡಿದ, ಏನಾಗಿದೆ ಅಂತ ಗೊತ್ತಾಗಿಹೋಯಿತು. ಮೊನ್ನೆ ಗೂಡು ಬಿಡಿಸಿದ ಮೇಲೆ ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಅಂಟಿಕೊಂಡಿದ್ದ ನೂಲನ್ನು ಸುಟ್ಟು ತೆಗೆಯಬೇಕಿತ್ತು. ಸೋಮಾರಿತನಕ್ಕೆ ಕೈಯಲ್ಲೇ ಕಿತ್ತು ಹಿತ್ತಲಿಗೆ ಎಸೆದಿದ್ದ. ಅದರಲ್ಲಿ ಸಿಕ್ಕಿಕೊಂಡ ಸತ್ತ ಹುಳುಗಳ ಆಸೆಗೆ ಮರಿ ನೂಲನ್ನೂ ನುಂಗಿದೆ. ಬಾಯಿ ಬಿಟ್ಟರೆ ಕೆಟ್ಟೆ ಅಂತ ಅವನು ಸುಮ್ಮನಿದ್ದ. ಅತ್ತೆಯೇ ನಿಟ್ಟುಸಿರು ಬಿಟ್ಟು, ಇದು ಹೋದರೆ ಹೋಗಲಿ, ಇನ್ನೊಂದು ಮರಿ ತಂದು ಸಾಕಿದರಾಯಿತು, ತನಗೇನು ಊರಲ್ಲಿ ಕೆಲಸ ಅಂದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಗಂಗುಲಪ್ಪ ಸ್ಕೂಟರು ಹೊರಗೆ ತಂದ. ಹಿಂದೆ ಅತ್ತೆ, ಅತ್ತೆಯ ಸೆರಗಿನಲ್ಲಿ ಮರಿ. ಮೂವರೂ ದನದ ಆಸ್ಪತ್ರೆಗೆ ಹೋದರು.

ಡಾಕ್ಟರು ವೇಣುಗೋಪಾಲ್ ಮರಿಯ ಕೊಕ್ಕು ಬಿಡಿಸಿದರೆ ನಾಲಿಗೆಯ ಹಿಂದೆ ಒಂದು ಎಳೆ ಕಂಡಿತು. ಎರಡು ತೊಟ್ಟು ಎಣ್ಣೆ ಬಿಟ್ಟು, ಗಡ್ಡೆಯನ್ನು ಬೆರಳ ತುದಿಯಿಂದ ಮೆಲ್ಲಗೆ ನೀವಿ ನೀವಿ ಸಡಿಲ ಮಾಡಿ, ಚಿಮಟದಲ್ಲಿ ಆ ಎಳೆ ಹಿಡಿದು ಎಳೆದರು. ಒದ್ದೆಯಾದ ರೇಷ್ಮೆಯ ಉಂಡೆ ಹೊರಗೆ ಬಂತು. ಅಶ್ವತ್ಥಮ್ಮ ಉಂಡೆ ನೋಡಿದಳು, ಆಮೇಲೆ ಅಳಿಯನನ್ನು ನೋಡಿದಳು.

"ಇದು ಯಾರ ಕಣ್ಣು ಅಳಿಯಂದ್ರೇ?"

ಗಂಗುಲಪ್ಪ ಗೋಡೆಯ ಮೇಲಿದ್ದ ಕಾಲುಬಾಯಿ ಜ್ವರದ ಪೋಸ್ಟರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ.

ಮರಿ ಇನ್ನೂ ಗೆದ್ದಿಲ್ಲ ಅಂದರು ಡಾಕ್ಟರು. ಹಿಗ್ಗಿದ ಚೀಲ ಮತ್ತೆ ಕೆಲಸ ಹಿಡಿಯಬೇಕು. ಕಾಳು ಕೊಡಬೇಡಿ, ತೆಳ್ಳನೆಯ ಅಂಬಲಿ ಕೊಡಿ, ಬೆಚ್ಚಗಿಡಿ, ಬೆಳಿಗ್ಗೆ ಎದ್ದಾಗ ಆ ಚೀಲ ಖಾಲಿಯಾಗಿದೆಯಾ ಅಂತ ಮುಟ್ಟಿ ನೋಡಿ ಅಂತ ಹೇಳಿ ಕಳಿಸಿದರು. ಮಾಡಿದ ತಪ್ಪಿಗೆ ದಂಡ ಅನ್ನುವಂತೆ ಆ ಚಾಕರಿ ಗಂಗುಲಪ್ಪನ ಪಾಲಿಗೆ ಬಂತು. ಅತ್ತೆ ಮರಿ ಹಿಡಿಯುವಳು, ಅಳಿಯ ಫಿಲ್ಲರಿನಲ್ಲಿ ಅಂಬಲಿ ತೊಟ್ಟಿಕ್ಕಿಸುವನು. "ಮಿಂಗು ನಾಯನಾ, ಮಿಂಗು," ನುಂಗು ಮಗನೇ ಅಂತ ಆಕೆ ತೆಲುಗಿನಲ್ಲಿ ರಮಿಸುವಳು. ಬರಬರುತ್ತಾ ಅವನೂ ಮಿಂಗು ಮಿಂಗು ಅನ್ನತೊಡಗಿದ. ಹಲ್ಲುಜ್ಜುವ ಮೊದಲೇ ಹೋಗಿ ಮರಿಯ ಕತ್ತು ಮುಟ್ಟುವನು. ಚೀಲ ಮೆತ್ತಗೆ ಖಾಲಿಯಾಗಿದ್ದ ದಿನ, "ಅತ್ತೆ, ಕರಗೈತೆ" ಅಂತ ಕೂಗಿ ಹೇಳಿದ. ಆಕೆ ತಾನು ಕುಡಿಯಬೇಕಿದ್ದ ಕಾಫಿಯನ್ನು ಅವನ ಕೈಗಿಟ್ಟಳು. ಹುಳುಮನೆಯ ಕಡೆ ಗಾಳಿ ಬೀಸಿದರೆ ಆಕೆ ಹೊಗೆಸೊಪ್ಪಿನ ಸಂಚಿ ಎತ್ತಿಕೊಂಡು ರಸ್ತೆಯಾಚೆ ಹೋಗಿ ಕೂರುವುದೂ ಶುರುವಾಯಿತು.

ಯುಗಾದಿ ಬಂತು, ಹೋಯಿತು. ಮರಿ ಮೈತುಂಬಿಕೊಂಡಿತು, ಹುಂಜದ ಕೂಗು ಮಾತ್ರ ಇಲ್ಲ. ಒಂದು ದಿನ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆಗೆ ಕೈಹಾಕಿದ ಗಂಗುಲಪ್ಪನಿಗೆ ಬೆಚ್ಚನೆಯ ಮೊಟ್ಟೆ ಸಿಕ್ಕಿತು. ಚುಕ್ಕೆ ಕೋಳಿ ಪಕ್ಕದಲ್ಲೇ ನಿಂತು ಊರಿಗೆಲ್ಲ ಕೇಳುವಂತೆ ಕೊಕ್ ಕೊಕ್ ಕೊಕ್ ಅನ್ನುತ್ತಿತ್ತು. ಹರಕೆಗೆ ಆಗುವುದು ಹುಂಜ, ಇದು ಮೊಟ್ಟೆ ಇಡುವ ಹ್ಯಾಟೆ. ಕೋಳಿ ಉಳಿಯಿತು ಅನ್ನುವುದು ತಲೆಗೆ ಹೊಳೆದದ್ದೇ ಅವನಿಗೆ ತಡೆಯಲಾರದಷ್ಟು ಖುಷಿಯಾಯಿತು.

ಅಶ್ವತ್ಥಮ್ಮನ ಮುಖ ಮಾತ್ರ ಸಣ್ಣಗಾಯಿತು. ತನ್ನ ಕಣ್ಣು ಕೆಟ್ಟಿದೆ, ಇನ್ನೊಂದು ಮರಿ ಅಂತ ಅಳಿಯನಿಗೆ ಎಷ್ಟು ದಿನ ಭಾರವಾಗಿರುವುದು, ಊರಿಂದಲೇ ಒಂದು ಹುಂಜ ಕಳಿಸುತ್ತೇನೆ ಅಂತ ಬಟ್ಟೆ ಮಡಿಸತೊಡಗಿದಳು. ಯಾವ ಗಳಿಗೆಗೆ ಗಂಗುಲಪ್ಪ ಕಾದು ಕೂತಿದ್ದನೋ ಆ ಗಳಿಗೆ ಬಂದಿತ್ತು. ಬಂದಾಗ ಅವನು ಹೋಗಿ ಬ್ಯಾಗು ಕಿತ್ತುಕೊಂಡ.

"ಕೈಯಾರೆ ಸಾಕ್ತೀನಿ ಅಂದೋರು ನೀವು. ಅರ್ಧಕ್ಕೆ ಬಿಟ್ಟೋದ್ರೆ ನನ್ನ ಕಾಲಿನ ಗತಿ ಏನು ಅತ್ತೆ? ಇದನ್ನ ಕಾವು ಕೂರ್ಸಿ, ಇದರ ಮರೀಲಿ ಒಂದು ಹುಂಜ ಆಗೋಗಂಟ ಇರಿ."

ಅದಾಗಿ ಚುಕ್ಕೆ ಕೋಳಿ ಮೂರು ಸಲ ಮರಿ ಮಾಡಿದೆ. ಕೆಂಪು ಜುಟ್ಟು ಬಿಟ್ಟು ಕತ್ತು ಎತ್ತಿ ಕೂಗುವ ಒಂದೊಂದನ್ನೂ ಗಂಗುಲಪ್ಪ ತಂದು ಅತ್ತೆಗೆ ತೋರಿಸಿ, ಇದೂ ಹ್ಯಾಟೆಯೇ ಕಣತ್ತೆ ಅನ್ನುತ್ತಾನೆ. ಹುಟ್ಟಿದಾಗಿನಿಂದ ಕೋಳಿಗಳ ನಡುವೆಯೇ ಬೆಳೆದ ಅಶ್ವತ್ಥಮ್ಮ ಮಂಚದ ಮೇಲಿಂದ ಬಗ್ಗಿ ನೋಡಿ, ಹೂಂ, ಹ್ಯಾಟೆಯೇ ಅನ್ನುತ್ತಾಳೆ.