ದ್ಯಾಮಣ್ಣನ ಕಾವುಪೆಟ್ಟಿಗೆ

ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ದ್ಯಾಮಣ್ಣನದು ವಿಚಿತ್ರ ಹಟ. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಪೇಟೆಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಇವನಿಗೆ ಅದು ಬೇಡ. ಪೆಟ್ಟಿಗೆಯನ್ನೂ ತಾನೇ ಮಾಡಬೇಕು, ಅದರ ಚಿಪ್‌ನೊಳಗೆ ಕುಳಿತು ಒಂದೊಂದು ಕೆಲಸಕ್ಕೂ ಸರದಿ ಹಂಚುವ ಪುಟ್ಟ ಆಪರೇಟಿಂಗ್ ಸಿಸ್ಟಮ್ಮನ್ನೂ ತಾನೇ ಬರೆಯಬೇಕು. ಓದಿದ್ದು ಐಟಿಐ. ಗುರು ಎಂದರೆ ಮೊಬೈಲಿನ ವಿಡಿಯೊ, ಚಿಪ್ ಕಂಪನಿಯ ಇಂಗ್ಲಿಷ್ ಕೈಪಿಡಿ. ಒಂದು ಪುಟ ತಲೆಗೆ ಹತ್ತಲು ಒಮ್ಮೊಮ್ಮೆ ವಾರ ಹಿಡಿಯುತ್ತಿತ್ತು. "ಆ ಪೆಟಗಿನ್ನ ಮದುವಿ ಆಗಬೇಕಿತ್ತ ನೀವು" ಎಂದು ಹೆಂಡತಿ ಗಂಗಾ ಕಾಡಿಸುತ್ತಿದ್ದಳು.

ಮೊದಲ ಸಲ ಮೊಟ್ಟೆಗಳು ಬೆಂದೇ ಹೋದವು. ಶಾಖ ಮಿತಿ ಮೀರಿದರೆ ಹೀಟರ್ ಆರಬೇಕು, ಗುಂಡಿ ಒತ್ತುವವರೆಗೆ ಬಜರ್ ಕೂಗಬೇಕು. ಬಜರ್ ಏನೋ ಕೂಗಿತು. ಆದರೆ ಅದು ಕೂಗುವಷ್ಟು ಹೊತ್ತೂ ಬೇರೆ ಯಾವ ಕೆಲಸಕ್ಕೂ ಸರದಿ ಸಿಗದೆ ಹೀಟರ್ ಉರಿಯುತ್ತಲೇ ಇತ್ತು. ಜವಾರಿ ಕೋಳಿ ಸಾಕಿ ಮಗನನ್ನು ಓದಿಸಿದ, ಆ ಮೊಟ್ಟೆಗಳನ್ನೂ ಕೊಟ್ಟಿದ್ದ ತಾಯಿ ಭೀಮಕ್ಕ ಅವನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಚೆಲ್ಲಿ ಬಂದಳು. ಬೈದಿದ್ದರೇ ವಾಸಿಯಿತ್ತು. ದ್ಯಾಮಣ್ಣ ತಿಂಗಳುಗಟ್ಟಲೆ ಕೂತು ಸರದಿ ಹಂಚುವ ಭಾಗವನ್ನೆಲ್ಲ ಹೊಸದಾಗಿ ಬರೆದ. ಈ ಸಲವೂ ಕೆಟ್ಟರೆ ಈ ಕಲಿಕೆಯ ಸಹವಾಸವೇ ಸಾಕು ಎಂದುಕೊಂಡು ಅವ್ವನ ಮುಂದೆ ಮತ್ತೆ ಕೈಯೊಡ್ಡಿದ. ಆಕೆ ಬುಟ್ಟಿ ತುಂಬ ಮೊಟ್ಟೆ ಕೊಟ್ಟಳು.

ಮರಿಗಳು ಹೊರಬರಬೇಕಾದ ದಿನ, ಮೊದಲ ಪಾಳಿ ಮುಗಿಸಿ ಮನೆಗೆ ಬಂದವನ ಜೀವ ಬಾಯಿಗೆ ಬಂತು. ಪೆಟ್ಟಿಗೆಯ ಮೇಲೆ ಎರಡು ಕಂಬಳಿ! ಗಾಳಿಕಿಂಡಿಗಳೆಲ್ಲ ಮುಚ್ಚಿವೆ, ಒಳಗೆ ಬಜರ್ ಕೂಗುತ್ತಿದೆ.

"ಯವ್ವಾ, ಏನ್ ಮಾಡಿದಿ ಇದು?"

"ಗಾಳಿ ತಣ್ಣಗ ಬೀಸಾಕ ಹತ್ತಿತ್ತಪಾ, ಕಂಬಳಿ ಹೊಚ್ಚಿದೆ. ಆಮ್ಯಾಲ ಅದು ಕೂಸಿನಂಗ ಅಳಾಕ ಹತ್ತಿತು. ಇನ್ನೂ ಥಂಡಿ ಆಗೇತೇನೋ ಅಂತ ಇನ್ನೊಂದು ಹೊಚ್ಚಿದೆ."

ಬಜರ್ ಏಕೆ ಕೂಗುತ್ತದೆಂದು ಅವ್ವನಿಗೆ ಹೇಳಿದ್ದನೇ? ಇಲ್ಲ. ನಮ್ಮ ಪಂಡಿತನಿಗೆ ಅಷ್ಟು ಹೊಳೆದಿರಲಿಲ್ಲ.

ಕಂಬಳಿಗಳನ್ನು ಎಳೆದೊಗೆದು, ಗುಂಡಿ ಒತ್ತಿ, ಬಗ್ಗಿ ನೋಡಿದ. ಹೀಟರ್ ಆರಿತ್ತು. ಫ್ಯಾನು ತಿರುಗುತ್ತಿತ್ತು. ಮಿತಿ ಮೀರಿದ್ದ ಶಾಖ ಆಗಲೇ ಇಳಿದು ಇರಬೇಕಾದಲ್ಲಿಗೆ ಬಂದಿತ್ತು. ಬಜರ್ ಅಷ್ಟು ಬಾಯಿ ಬಡಿದುಕೊಳ್ಳುವಾಗಲೂ ಉಳಿದ ಕೆಲಸಗಳಿಗೆ ಸರದಿ ತಪ್ಪಿರಲಿಲ್ಲ. ಗಾಜಿನಾಚೆ ಒಂದು ಮೊಟ್ಟೆ ಬಿರಿದು, ಸಣ್ಣ ಕೊಕ್ಕೊಂದು ಇಣುಕುತ್ತಿತ್ತು.

ದ್ಯಾಮಣ್ಣ ಅಲ್ಲೇ ನೆಲದ ಮೇಲೆ ಕುಳಿತ. ಅಬ್ಬಾ, ಬದುಕಿಕೊಂಡೆ ನಾನು ಎನಿಸಿತು. ಕಣ್ಣಲ್ಲಿ ನೀರೂ ಬಂತು, ನಗುವೂ ಬಂತು.

ಭೀಮಕ್ಕನ ಮುಖ ಬಾಡಿತ್ತು. "ನಾ ಹೊಚ್ಚಿದ್ದು ತಪ್ಪಾತೇನಪಾ?"

"ಇಲ್ಲಬೇ. ಇಷ್ಟ ದಿನ ನಾನಽ ಓದಿದೆ, ಪರೀಕ್ಷಾ ತಗೊಳ್ಳಾಕ ಯಾರೂ ಇರಲಿಲ್ಲ. ಇವತ್ತ ನೀ ತಗೊಂಡಿ. ಪಾಸಾದೆ ನಾ."