ಬಸ್ಸಿನ ಬೋರ್ಡು ಮತ್ತು ನಮ್ಮ ಟೀಚರ್

ಬ್ಯಾಂಕಿನವರು ಹುಬ್ಬಳ್ಳಿಯಿಂದ ಕೊಚ್ಚಿಗೆ ವರ್ಗ ಮಾಡಿದ ಮೇಲೆ ನಾನು ಅಲ್ಲಿನ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿನಲ್ಲಿ ಸಂಜೆಯ ಎಂಬಿಎಗೆ ಸೇರಿದೆ. ಮಲಯಾಳಂ ಕಿವಿಗೆ ಬೇಗ ಒಗ್ಗಿತು, ಕಣ್ಣಿಗೆ ಒಗ್ಗಲಿಲ್ಲ. ಬೋರ್ಡು ಓದಲು ಬಾರದೆ ಒಂದು ಸಂಜೆ ಪಾಲಾರಿವಟ್ಟಂ ನಿಲ್ದಾಣದಲ್ಲಿ ಕಾಲೇಜಿನ ಕಡೆಯದನ್ನು ಬಿಟ್ಟು ಎದುರು ದಿಕ್ಕಿನ ಫೋರ್ಟ್ ಕೊಚ್ಚಿಯ ಬಸ್ ಹತ್ತಿಬಿಟ್ಟೆ. ಅರ್ಧ ದಾರಿಯಲ್ಲಿ ಇಳಿದು, ಆಟೋ ಹಿಡಿದು ಬರುವಷ್ಟರಲ್ಲಿ ಪಾಠ ಮುಗಿಯುತ್ತ ಬಂದಿತ್ತು.

ಸೇವಾ ನಿರ್ವಹಣೆ ಕಲಿಸುವ ಪ್ರಾಧ್ಯಾಪಕಿಯನ್ನು ಎಲ್ಲರೂ ‘ಟೀಚರ್’ ಎನ್ನುತ್ತಿದ್ದರು. ತಡವೇಕೆ ಎಂದು ಕೇಳಿದರು. ನಾಚುತ್ತಲೇ ಹೇಳಿದೆ. ಅವರು ನಗಲಿಲ್ಲ.

“ಪ್ರಾಜೆಕ್ಟಿಗೆ ವಿಷಯ ಸಿಕ್ಕಿಲ್ಲ ಅಂತಿದ್ರಲ್ಲ, ಇದನ್ನೇ ತಗೊಳ್ಳಿ. ಬೋರ್ಡು ಓದೋಕೆ ಬಾರದವರು ತಮ್ಮ ಬಸ್ಸನ್ನ ಹೇಗೆ ಗುರುತು ಹಿಡೀತಾರೆ, ನೋಡೋಣ,” ಎಂದರು ಇಂಗ್ಲಿಷಿನಲ್ಲಿ.

ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು, “ಬೋರ್ಡ್ ಓದಾಕ ಬರಂಗಿಲ್ಲ ಅಂತ ಅದರ ಮ್ಯಾಲೂ ರಿಸರ್ಚ್ ಮಾಡ್ತಿಯೇನ?” ಎಂದರು. ಅಲ್ಲಿನ ಶಾಲೆಯಲ್ಲಿ ಮಲಯಾಳಂ ಕಲಿಯುತ್ತಿದ್ದ ಮಗಳು ಮಾತ್ರ, “ಅಮ್ಮಾ, ಞಾನ್ ವಾಯಿಚ್ಚು ತರಾಂ,” ಎಂದಳು. ತಾನೇ ಓದಿ ಹೇಳುತ್ತಾಳಂತೆ.

ಮುಂದಿನ ಶನಿವಾರ ಪ್ರಶ್ನೆಗಳನ್ನು ಕೊಟ್ಟು ನನ್ನೊಬ್ಬಳನ್ನೇ ಕಳಿಸುತ್ತಾರೆಂದುಕೊಂಡಿದ್ದೆ. ಟೀಚರ್ ಕೊಡೆ ಹಿಡಿದು ತಾವೇ ನಿಲ್ದಾಣಕ್ಕೆ ಬಂದರು. ಒಡಿಶಾದ ಕೆಲಸಗಾರರು ಬಸ್ಸಿನ ಬಣ್ಣ ನೋಡುತ್ತಿದ್ದರು, ಇಲ್ಲವೇ ಕಂಡಕ್ಟರನ ಕೂಗಿಗೆ ಕಾಯುತ್ತಿದ್ದರು. ನಮ್ಮಿಬ್ಬರಿಗೂ ಅಚ್ಚರಿಯಾದದ್ದು ಅದೇ ಊರಿನ ವಯಸ್ಸಾದವರನ್ನು ಕಂಡು. ಅಕ್ಷರ ಬಂದರೂ ಕಣ್ಣು ಮಂಜಾಗಿ ಅವರು ಪಕ್ಕದವರನ್ನೇ ಕೇಳುತ್ತಿದ್ದರು.

ಚಹಾದಂಗಡಿಯಲ್ಲಿ ಟೀಚರ್ ಹೇಳಿದರು: “ಇದು ಹೊರಗಿನವರ ತೊಂದರೆ ಅಂತ ನಾನು ತಿಳ್ಕೊಂಡಿದ್ದೆ. ನನ್ನ ಊಹೆ ತಪ್ಪು. ವರದಿಯಲ್ಲಿ ಹಾಗೇ ಬರೀರಿ.” ಅಷ್ಟು ವರ್ಷ ಕಲಿಸಿದವರು ವಿದ್ಯಾರ್ಥಿನಿಯ ಮುಂದೆ ಇದನ್ನು ಇಷ್ಟು ಸಲೀಸಾಗಿ ಹೇಳಬಲ್ಲರೆಂದು ನನಗೆ ಗೊತ್ತಿರಲಿಲ್ಲ.

ತಿರುವನಂತಪುರದ ಒಂದು ವಿಚಾರಗೋಷ್ಠಿಯಲ್ಲಿ ಆ ವರದಿಯನ್ನು ಮಂಡಿಸಿದಾಗ ಹಿರಿಯರೊಬ್ಬರು, ಇದು ಮ್ಯಾನೇಜ್‌ಮೆಂಟ್ ಹೇಗಾಗುತ್ತದೆ ಎಂದರು. ನಾನು ಟೀಚರ್ ಕಡೆ ನೋಡಿದೆ. ಅವರು ನನ್ನತ್ತಲೇ ಕೈ ತೋರಿಸಿದರು. ಉತ್ತರ ನಾನೇ ಕೊಡಬೇಕಿತ್ತು. ತಡವರಿಸುತ್ತಲೇ, ತಮ್ಮ ಬಸ್ ಯಾವುದೆಂದು ಪ್ರಯಾಣಿಕರಿಗೆ ತಿಳಿಯದಿದ್ದರೆ ಸೇವೆ ಅಲ್ಲೇ ಸೋತಂತೆ ಎಂದೆ. ಹೊರಗೆ ಬಂದ ಮೇಲೆ ಟೀಚರ್ ಹೇಳಿದ್ದಿಷ್ಟೇ: “ನಿಮ್ಮ ಕೆಲಸ ನನಗಿಂತ ನಿಮಗೇ ಚೆನ್ನಾಗಿ ಗೊತ್ತಲ್ಲ.”

ಅವರು ಅಲ್ಲಿಗೇ ಬಿಡಲಿಲ್ಲ. ಕೊಚ್ಚಿಯ ಖಾಸಗಿ ಬಸ್ ಮಾಲೀಕರೊಬ್ಬರ ಹತ್ತಿರ ಮತ್ತೆ ಮತ್ತೆ ಹೋಗಿ, ಅವರ ಬಸ್ಸುಗಳ ಮುಂದೆ ಮಾರ್ಗಕ್ಕೊಂದರಂತೆ ದೊಡ್ಡ ಅಂಕಿ ಬರೆಸಿದರು. ಕೆಲವು ತಿಂಗಳ ನಂತರ ಆ ಬಸ್ಸೊಂದರಲ್ಲಿ ಟೀಚರ್ ಕಣ್ಣಿಗೆ ಬಿದ್ದರು. ಪಕ್ಕದ ಅಜ್ಜಿಯ ಜೊತೆ ಮಾತಿನಲ್ಲಿದ್ದರು. ನನ್ನನ್ನು ನೋಡಿ ಸರಿದು ಜಾಗ ಮಾಡಿಕೊಟ್ಟರು.

“ಇವರಿಗೆ ಅಂಕಿ ಕಾಣ್ಸುತ್ತಂತೆ. ಆದ್ರೆ ಮೆಟ್ಟಿಲು ತೀರಾ ಎತ್ತರ ಅಂತಿದ್ದಾರೆ,” ಎಂದರು. ಮಾಡಲು ಇನ್ನೊಂದು ಕೆಲಸ ಸಿಕ್ಕಿದ ಖುಷಿ ಅವರ ಮುಖದಲ್ಲಿತ್ತು.